ಗುಲಾಬಿ ಪುಟದಲ್ಲಿ ಇಲ್ಲದ ಖರ್ಚು

ಓದುಗರ ಬಳಗದವರು ನನ್ನನ್ನು ಕರೆದದ್ದು ರಾಜಕೀಯ ಪಕ್ಷಗಳ ನೀತಿ, ನಿಲುವಿನ ಬಗ್ಗೆ ಮಾತಾಡಿ ಅಂತ. ನಾನು ಹೋಗಿ ಮಾತಾಡಿದ್ದು ಶಾಮಿಯಾನ, ಕುರ್ಚಿ, ಫ್ಲೆಕ್ಸಿನ ಬಗ್ಗೆ. ಕೆಲವರಿಗೆ ಬೇಜಾರಾಯಿತು, ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಮಾತ್ರ ಇಲ್ಲಿಲ್ಲ.

ಎಲ್ಲರಿಗೂ ನಮಸ್ಕಾರ.

ನಾನು ಯಾವ ಪಕ್ಷದವನೂ ಅಲ್ಲ ಅಂತ ಶುರು ಮಾಡುವುದು ವಾಡಿಕೆ. ನಾನು ಹಾಗೆ ಹೇಳಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ರಿಜಿಸ್ಟರ್ ಬರೆದವನು ನಾನೇ. ಯಾವ ಪಕ್ಷ, ಯಾವ ಕ್ಷೇತ್ರ ಅಂತ ಕೇಳಬೇಡಿ. ಎದುರು ಪಕ್ಷದ ಪುಸ್ತಕ ಬರೆದಿದ್ದರೂ ಇದೇ ಕಥೆ ಹೇಳುತ್ತಿದ್ದೆ. ಲೆಕ್ಕ ಬರೆಯುವುದು ನನ್ನ ಕಸುಬು. ಅಂಗಡಿಗಳದ್ದು, ಅಕ್ಕಿ ಗಿರಣಿಗಳದ್ದು, ಸೊಸೈಟಿಗಳದ್ದು ಬರೆದಿದ್ದೇನೆ. ಚುನಾವಣೆಯ ಲೆಕ್ಕದಷ್ಟು ಚೊಕ್ಕವಾಗಿ ಕಾಣುವ ಲೆಕ್ಕ ಮಾತ್ರ ಬೇರೆಲ್ಲೂ ನೋಡಿಲ್ಲ.

ಆ ರಿಜಿಸ್ಟರ್ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಯಾರೂ ಇಲ್ಲ ಅಲ್ವಾ. ಅದರಲ್ಲಿ ಮೂರು ಬಣ್ಣದ ಪುಟ. ಬಿಳಿ ಪುಟದಲ್ಲಿ ದಿನದಿನದ ಖರ್ಚು, ಗುಲಾಬಿ ಪುಟದಲ್ಲಿ ನಗದು, ಹಳದಿ ಪುಟದಲ್ಲಿ ಬ್ಯಾಂಕು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಪ್ರಚಾರ ಮುಗಿಯುವುದರೊಳಗೆ ಮೂರು ಸಲವಾದರೂ ವೆಚ್ಚ ವೀಕ್ಷಕರ ಮುಂದೆ ಪುಸ್ತಕ ಹಿಡಿದು ನಿಲ್ಲಬೇಕು. ಅವರ ಹತ್ತಿರ ಇನ್ನೊಂದು ಪುಸ್ತಕ ಇರುತ್ತದೆ. ನೆರಳು ರಿಜಿಸ್ಟರ್ ಅಂತ ಕರೀತಾರೆ. ಸಭೆಗಳಿಗೆ ಅವರದೇ ವಿಡಿಯೋ ತಂಡ ಬಂದು ಚಿತ್ರೀಕರಿಸಿಕೊಂಡು ಹೋಗಿರುತ್ತದೆ, ಅದನ್ನು ನೋಡಿ ಅವರೂ ಒಂದು ಲೆಕ್ಕ ಬರೆದಿಟ್ಟಿರುತ್ತಾರೆ. ನಾವು ಕೊಟ್ಟ ಬೆಲೆ ಬಿಲ್ಲಿನಲ್ಲಿ ಎಷ್ಟಾದರೂ ಇರಲಿ, ಅವರು ಹಿಡಿಯುವುದು ಜಿಲ್ಲಾ ಚುನಾವಣಾಧಿಕಾರಿ ನಿಗದಿ ಮಾಡಿದ ದರಪಟ್ಟಿ. ಕುರ್ಚಿಗೆ ಇಷ್ಟು, ಮೈಕ್ ಸೆಟ್ಟಿಗೆ ಇಷ್ಟು, ಟೀಗೆ ಇಷ್ಟು, ಆಟೋಗೆ ಇಷ್ಟು, ಹೂವಿನ ಹಾರಕ್ಕೆ ಇಷ್ಟು.

ಒಂದು ಸಭೆಗೆ ನಾನು 200 ಕುರ್ಚಿ ಅಂತ ಬರೆದಿದ್ದೆ. ಆ ಅಧಿಕಾರಿ ವಿಡಿಯೋ ನಿಲ್ಲಿಸಿ, ಪೆನ್ನಿನ ತುದಿಯನ್ನು ಪರದೆಯ ಮೇಲೆ ಇಟ್ಟು ಒಂದೊಂದೇ ಸಾಲು ಎಣಿಸಿದರು. 350 ಬಂತು. ನಾನು ತಲೆ ಕೆರೆದುಕೊಂಡು, ಸರ್, ಉಳಿದದ್ದು ಪಕ್ಕದ ಮನೆಯ ಮದುವೆಗೆ ತಂದಿಟ್ಟ ಕುರ್ಚಿ ಅಂದೆ. ಅವರು ನಗಲೂ ಇಲ್ಲ, ಬಯ್ಯಲೂ ಇಲ್ಲ. ಮದುಮಗ ಎಲ್ಲಿ ಕೂತಿದ್ದಾನೆ ತೋರಿಸಿ ಅಂದರು. 150 ಕುರ್ಚಿ ನಮ್ಮ ಲೆಕ್ಕಕ್ಕೆ ಏರಿತು.

ಆವತ್ತು ನನಗೆ ವ್ಯವಸ್ಥೆ ಮೇಲೆ ಭಾರಿ ಗೌರವ ಬಂದುಬಿಟ್ಟಿತ್ತು. ಕುರ್ಚಿ ಎಣಿಸುತ್ತಾರೆ ಅಂದ ಮೇಲೆ ಇನ್ನೇನು ಬೇಕು? ಆ ಗೌರವ ಒಂದು ವಾರ ಉಳಿಯಿತು.

ಒಂದು ವಾರದ ಮೇಲೆ ದೊಡ್ಡ ನಾಯಕರೊಬ್ಬರ ಸಭೆ ಬಂತು. ನೀವೆಲ್ಲ ಇಂಥ ಸಭೆ ನೋಡಿದ್ದೀರಿ, ಆದರೆ ನೋಡಬೇಕಾದ ಕಡೆ ನೋಡಿರಲ್ಲ. ಸಭೆಯ ಹಿಂದಿನ ರಾತ್ರಿ ಇಬ್ಬರು ಹುಡುಗರು ಏಣಿ ಹತ್ತಿ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ನಮ್ಮ ಅಭ್ಯರ್ಥಿಯ ಮುಖದ ಮೇಲೆ ಪಕ್ಷದ ಚಿಹ್ನೆಯ ಸ್ಟಿಕ್ಕರ್ ಅಂಟಿಸುತ್ತಿದ್ದರು. ನನಗೆ ಗಾಬರಿ. ಯಾರಾದ್ರೂ ಜಗಳ ಮಾಡಿಕೊಂಡರಾ, ಟಿಕೆಟ್ ಹೋಯಿತಾ ಅಂತ. ಏನಿಲ್ಲ ಅಣ್ಣ, ಲೆಕ್ಕಕ್ಕೆ ಅಂದರು. ಮಾರನೇ ದಿನ ನಾಯಕರು ಮಾತಾಡುವಷ್ಟೂ ಹೊತ್ತು ನಮ್ಮ ಅಭ್ಯರ್ಥಿ ವೇದಿಕೆ ಹತ್ತಲೇ ಇಲ್ಲ. ಕೆಳಗೆ ಮೊದಲ ಸಾಲಿನಲ್ಲಿ, ಬಿಸಿಲಿಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಭಾಷಣದಲ್ಲಿ ಅವರ ಹೆಸರೂ ಬರಲಿಲ್ಲ. ನಿಮ್ಮ ಕ್ಷೇತ್ರದ ನಮ್ಮ ಸೋದರ ಅಂತ ಬಂತು. ಯಾರು ಅಂತ ಎಲ್ಲರಿಗೂ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಯಾಕೆ ಅಂದ್ರೆ, ತಾರಾ ಪ್ರಚಾರಕರ, ಅಂದರೆ ಪಕ್ಷ ಮೊದಲೇ ಪಟ್ಟಿ ಕೊಟ್ಟ ದೊಡ್ಡ ನಾಯಕರ, ಜೊತೆ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ, ಅಥವಾ ಅಲ್ಲಿ ಅವರ ಹೆಸರು, ಫೋಟೋ ಇದ್ದರೆ, ಆ ಸಭೆಯ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಮೂರು ಅಭ್ಯರ್ಥಿಗಳಿದ್ದರೆ ಮೂರು ಪಾಲು. ಇಲ್ಲದಿದ್ದರೆ ಅದು ಪಕ್ಷದ ಸಾಮಾನ್ಯ ಪ್ರಚಾರ. ನಾಯಕರ ಹೆಲಿಕಾಪ್ಟರಿನ ಬಾಡಿಗೆ ಸಾಮಾನ್ಯವಾಗಿ ಅಭ್ಯರ್ಥಿಗೆ ಬರಲ್ಲ. ಅಭ್ಯರ್ಥಿಯೂ ಅದರಲ್ಲಿ ಕೂತರೆ ಅರ್ಧ ಬರುತ್ತದೆ, ಅದಕ್ಕೇ ಬುದ್ಧಿ ಇದ್ದವರು ಕೂರಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ ಇಂಥ 40 ಜನರ ಪಟ್ಟಿ ಕೊಡಲು ಅವಕಾಶ ಇದೆ, ನೋಂದಣಿ ಮಾತ್ರ ಆದ ಪಕ್ಷಕ್ಕೆ 20.

ಈಗ ನಾನು ನಿಮ್ಮ ಹತ್ತಿರ ಹೇಳಬೇಕಾದ ಒಂದೇ ಒಂದು ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಖರ್ಚಿನ ಮಿತಿ ಇರುವುದು ಅಭ್ಯರ್ಥಿಗೆ. ಪಕ್ಷಕ್ಕೆ ಇಲ್ಲ. ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. ನನಗೂ ಪುಸ್ತಕ ಬರೆಯುವ ತನಕ ಗೊತ್ತಿರಲಿಲ್ಲ. 2018ರಲ್ಲಿ ನಮ್ಮ ಅಭ್ಯರ್ಥಿಗೆ ಇದ್ದ ಮಿತಿ 28 ಲಕ್ಷ. 2022ರ ಜನವರಿಯಲ್ಲಿ ಅದು ದೊಡ್ಡ ರಾಜ್ಯಗಳ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಆಯಿತು. ಪಕ್ಷದ ಖರ್ಚಿಗೆ ಮಿತಿ ಎಷ್ಟು ಅಂತ ಕಾನೂನಿನ ಪುಸ್ತಕ ತಿರುವಿ ಹಾಕಿ. ಸಿಗಲ್ಲ.

ಒಂದು ಸಣ್ಣ ಗುಣಾಕಾರ ಮಾಡೋಣ. 2019ರ ಲೋಕಸಭಾ ಚುನಾವಣೆಯಲ್ಲಿ ಮಿತಿ 70 ಲಕ್ಷ ಇತ್ತು. 543 ಕ್ಷೇತ್ರದಲ್ಲೂ ಒಂದು ಪಕ್ಷ ಅಭ್ಯರ್ಥಿ ಹಾಕಿ, ಒಬ್ಬೊಬ್ಬರೂ ಕೊನೆಯ ಪೈಸೆವರೆಗೂ ಖರ್ಚು ಮಾಡಿದರು ಅಂತಿಟ್ಟುಕೊಳ್ಳಿ. 380 ಕೋಟಿ ಆಗುತ್ತದೆ. ಆ ಚುನಾವಣೆಗೆ ಬಿಜೆಪಿ ಚುನಾವಣಾ ಆಯೋಗಕ್ಕೆ ತಾನೇ ಕೊಟ್ಟ ಲೆಕ್ಕ ಸುಮಾರು 1,264 ಕೋಟಿ, ಕಾಂಗ್ರೆಸ್ ಕೊಟ್ಟದ್ದು ಸುಮಾರು 820 ಕೋಟಿ. ಜೊತೆಗೇ ನಡೆದ ನಾಲ್ಕು ರಾಜ್ಯಗಳ ವಿಧಾನಸಭಾ ಚುನಾವಣೆಯೂ ಅದರಲ್ಲಿ ಸೇರಿದೆ, ಅಭ್ಯರ್ಥಿಗಳ ಕೈಗೆ ಕೊಟ್ಟ ದುಡ್ಡೂ ಸೇರಿದೆ, ಅದನ್ನೂ ಹೇಳಬೇಕು. ಆದರೂ ನೋಡಿ. ಐದು ವರ್ಷ ಹಿಂದೆ, 2014ರಲ್ಲಿ, ಇದೇ ಎರಡು ಪಕ್ಷಗಳ ಲೆಕ್ಕ 714 ಕೋಟಿ ಮತ್ತು 516 ಕೋಟಿ ಇತ್ತು. ಇದೆಲ್ಲ ಅವರೇ ಒಪ್ಪಿಕೊಂಡ ಅಂಕಿ. ಒಪ್ಪಿಕೊಳ್ಳದ್ದರ ಬಗ್ಗೆ ನಾನು ಮಾತಾಡುತ್ತಿಲ್ಲ, ಅದಕ್ಕೆ ಪೊಲೀಸರು ಇದ್ದಾರೆ.

ಇದು ಯಾರದೋ ಮರೆವಿನಿಂದ ಆದ ತೂತಲ್ಲ. ಒಂದು ಸಲ ಮುಚ್ಚಿದ್ದರು, ಮತ್ತೆ ತೆಗೆಸಿದರು. 1971ರ ಲೋಕಸಭಾ ಚುನಾವಣೆಯಲ್ಲಿ ದಿಲ್ಲಿ ಸದರ್ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಅಮರನಾಥ ಚಾವ್ಲಾ ಗೆದ್ದರು. ಸೋತ ಕಂವರ್‌ಲಾಲ್ ಗುಪ್ತಾ ಖರ್ಚಿನ ಮಿತಿ ಮೀರಿದ್ದಾರೆ ಅಂತ ಕೋರ್ಟಿಗೆ ಹೋದರು. ಅಭ್ಯರ್ಥಿಗೋಸ್ಕರ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕು, ಇಲ್ಲದಿದ್ದರೆ ಮಿತಿಗೆ ಅರ್ಥವೇ ಇಲ್ಲ ಅಂತ ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಎನ್. ಭಗವತಿ. ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಪಕ್ಷ, ಸ್ನೇಹಿತರು, ಹಿತೈಷಿಗಳು ಮಾಡಿದ ಖರ್ಚು ಅಭ್ಯರ್ಥಿಯದ್ದಲ್ಲ ಅಂತ ಜನಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿಗೆ ಒಂದು ವಿವರಣೆ ಸೇರಿಸಿತು. ನಮ್ಮಲ್ಲಿ ರಸ್ತೆ ಗುಂಡಿ ಮುಚ್ಚಲು ಎಷ್ಟು ವರ್ಷ ಬೇಕು ನಿಮಗೆ ಗೊತ್ತು. ಈ ಗುಂಡಿ ತೋಡಲು ತಿಂಗಳೂ ಹಿಡಿಯಲಿಲ್ಲ. ಆ ವಿವರಣೆ ಹೋದದ್ದು 2003ರಲ್ಲಿ. ಹೋಗುವಾಗ ತನ್ನ ಜಾಗದಲ್ಲಿ ತಾರಾ ಪ್ರಚಾರಕರ ಪ್ರಯಾಣದ ವಿನಾಯಿತಿ ಬಿಟ್ಟು ಹೋಯಿತು. ಆ ಸ್ಟಿಕ್ಕರ್ ಅಂಟಿಸುವ ಹುಡುಗರಿಗೆ ಕೆಲಸ ಸಿಕ್ಕಿದ್ದು ಹೀಗೆ.

ಪಕ್ಷವೂ ಲೆಕ್ಕ ಕೊಡಬೇಕು, ಕೊಡಲ್ಲ ಅಂತಲ್ಲ. ವಿಧಾನಸಭಾ ಚುನಾವಣೆ ಆದರೆ 75 ದಿನದೊಳಗೆ, ಲೋಕಸಭೆ ಆದರೆ 90 ದಿನದೊಳಗೆ. ಆ ನಮೂನೆ ಓದಿದರೆ ಪಕ್ಷದ ದಿನಚರಿ ಓದಿದ ಹಾಗೆ. ತಾರಾ ಪ್ರಚಾರಕರ ಪ್ರಯಾಣ ಒಂದು ಕಡೆ, ಬೇರೆ ನಾಯಕರದ್ದು ಇನ್ನೊಂದು ಕಡೆ. ಪತ್ರಿಕೆ, ಟಿವಿ, ಕೇಬಲ್, ಎಸ್ಸೆಮ್ಮೆಸ್ ಜಾಹೀರಾತು. ಪೋಸ್ಟರ್, ಬ್ಯಾನರ್, ಬ್ಯಾಡ್ಜ್, ಕಮಾನು, ಕಟೌಟ್, ಬಾವುಟ. ಸಭೆಗಳು. ಅಭ್ಯರ್ಥಿಗಳಿಗೆ ಕೊಟ್ಟ ಇಡಿಗಂಟು. ಆಯೋಗದ ವೆಬ್‌ಸೈಟಿನಲ್ಲಿ ಇದೆಲ್ಲ ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಕೆಲವು ಪುಟ ಓರೆ, ಕೆಲವು ಮಸುಕು. ಆದರೂ ಕೂತು ಓದಿ. ಒಂದು ಪಕ್ಷದ ನೀತಿ ಏನು ಅಂತ ಪ್ರಣಾಳಿಕೆ ಹೇಳುತ್ತದೆ. ಆ ಪಕ್ಷ ಯಾರನ್ನು ನಂಬಿದೆ, ಕಾರ್ಯಕರ್ತನನ್ನೋ ಜಾಹೀರಾತು ಏಜೆನ್ಸಿಯನ್ನೋ ಅನ್ನುವುದನ್ನು ಈ ಪುಟಗಳು ಹೇಳುತ್ತವೆ.

ಅಂಗ ಸಂಸ್ಥೆಗಳ ವಿಷಯ ಬಂದರೆ ಸಭೆಯಲ್ಲಿ ಕುರ್ಚಿ ಸರಿಯುವ ಸದ್ದು ಕೇಳಿಸುತ್ತದೆ. ಈಗಲೂ ಕೇಳಿಸಿತು. ಸುಮ್ನೆ ಹೇಳಿದೆ, ಕೂತ್ಕೊಳ್ಳಿ.

ನಮ್ಮವರದ್ದೇ ಕಥೆಯಿಂದ ಶುರು ಮಾಡೋಣ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಕಾಂಗ್ರೆಸ್ಸಿನವರೇ ಕಟ್ಟಿದ್ದು, ಆದರೆ ಮೊದಮೊದಲು ಅದು ಕಾಂಗ್ರೆಸ್ಸಿನ ಕೈಕೆಳಗಿನ ಇಲಾಖೆ ಆಗಿರಲಿಲ್ಲ. ಶಿಸ್ತು, ಡ್ರಿಲ್ ಅಂದರೆ ಅಹಿಂಸೆಗೆ ಒಗ್ಗುತ್ತದಾ ಅಂತ ಪಕ್ಷದೊಳಗೇ ಅನುಮಾನ ಇತ್ತು. 1931ರಲ್ಲಿ ಕಾಂಗ್ರೆಸ್ ಅದನ್ನು ನೇರ ತನ್ನ ಕೈಗೆ ತೆಗೆದುಕೊಂಡಿತು. ನಡುವೆ 1924ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು, ಗಂಗಾಧರರಾವ್ ದೇಶಪಾಂಡೆ ಓಡಾಡಿ ಮಾಡಿಸಿದ್ದು, ಸೇವಾದಳದ ಹುಡುಗರು ದುಡಿದದ್ದು. ಅಲ್ಲಿ ಗಾಂಧೀಜಿಗೆ ಅಂತ ಬಿದಿರು, ಖಾದಿಯ ಒಂದು ಕುಟೀರ ಕಟ್ಟಿದ್ದರು, 350 ರೂಪಾಯಿ ಖರ್ಚಾಯಿತು. ಎಲ್ಲ ಮುಗಿದ ಮೇಲೆ 773 ರೂಪಾಯಿ ಉಳಿಯಿತು, 745 ಬ್ಯಾಂಕಿಗೆ ಕಟ್ಟಿದರು, ಚಿಲ್ಲರೆ ಖರ್ಚಿಗೆ ಅಂತ ಒಬ್ಬರ ಕೈಯಲ್ಲಿ ಒಂದು ರೂಪಾಯಿ ಇಟ್ಟರು. ನೂರು ವರ್ಷ ಆದ ಮೇಲೂ ಆ ಒಂದು ರೂಪಾಯಿ ಯಾರ ಕೈಯಲ್ಲಿತ್ತು ಅಂತ ಹೇಳಬಹುದು. ಲೆಕ್ಕ ಬರೆಯುವವನಾಗಿ ನನಗೆ ಇದಕ್ಕಿಂತ ದೊಡ್ಡ ರೋಮಾಂಚನ ಇನ್ನೊಂದಿಲ್ಲ.

ಈಗಿನ ಚಿತ್ರ ಹೀಗಿದೆ. ಪಕ್ಷದ ಹೊಟ್ಟೆಯೊಳಗೇ ಇರುವ ಘಟಕಗಳು ಕೆಲವು. ಯುವ ಮೋರ್ಚಾ, ಮಹಿಳಾ ಮೋರ್ಚಾ, ಯುವ ಕಾಂಗ್ರೆಸ್, ಕಾಂಗ್ರೆಸ್ಸಿನ ವಿದ್ಯಾರ್ಥಿ ಘಟಕ ಎನ್‌ಎಸ್‌ಯುಐ. ಇವು ನಮ್ಮವೇ ಅಂತ ಪಕ್ಷಗಳು ಹೆಮ್ಮೆಯಿಂದ ಹೇಳುತ್ತವೆ. ಇನ್ನು ಕೆಲವಕ್ಕೆ ಬೇರೆ ಹೆಸರು, ಬೇರೆ ಕಚೇರಿ, ಬೇರೆ ಲೆಕ್ಕ. 1925ರಲ್ಲಿ ಶುರುವಾದ ಆರೆಸ್ಸೆಸ್, 1949ರ ವಿದ್ಯಾರ್ಥಿ ಸಂಘಟನೆ ಎಬಿವಿಪಿ, 1955ರ ಕಾರ್ಮಿಕ ಸಂಘಟನೆ ಭಾರತೀಯ ಮಜ್ದೂರ್ ಸಂಘ, ಇವು ಮೂರೂ 1980ರಲ್ಲಿ ಹುಟ್ಟಿದ ಬಿಜೆಪಿಗಿಂತ ಹಳೆಯವು. ನಾವು ಪಕ್ಷದ ಅಂಗ ಅಲ್ಲ ಅಂತಲೇ ಹೇಳುತ್ತವೆ, ಕಾಗದದ ಮೇಲೆ ಅದು ಸರಿಯೇ. ಎಡಪಕ್ಷಗಳ ಕಡೆ ಕಾರ್ಮಿಕ ಸಂಘಟನೆ ಎಐಟಿಯುಸಿ 1920ರದ್ದು, ಇನ್ನೊಂದು ಕಾರ್ಮಿಕ ಸಂಘಟನೆ ಸಿಐಟಿಯು ಮತ್ತು ವಿದ್ಯಾರ್ಥಿ ಸಂಘಟನೆ ಎಸ್‌ಎಫ್‌ಐ 1970ರವು. ಅವರೂ ಇದೇ ಮಾತು ಹೇಳುತ್ತಾರೆ. ಉಲ್ಟಾ ದಾರಿಯಲ್ಲಿ ಬಂದವರೂ ಇದ್ದಾರೆ. ನಮ್ಮ ರೈತ ಸಂಘ 1980ರಲ್ಲಿ ಹುಟ್ಟಿದ್ದು ಚಳವಳಿಯಾಗಿ. ಪಕ್ಷ ಆಮೇಲೆ ಬಂತು. ಹಸಿರು ಶಾಲು ಮೊದಲು, ಬ್ಯಾಲೆಟ್ ಆಮೇಲೆ.

ಸಂಘಟನೆ ಇರುವುದು ತಪ್ಪು ಅಂತ ನಾನು ಖಂಡಿತ ಹೇಳಲ್ಲ. ಬೀದಿಯಲ್ಲಿ ಕೆಲಸ ಮಾಡುವವರು ಇಲ್ಲದ ಪಕ್ಷ ಬರೀ ಟಿವಿ ಜಾಹೀರಾತಾಗಿ ಉಳಿಯುತ್ತದೆ. ಲೆಕ್ಕದವನ ತಕರಾರು ಬೇರೆ. ಒಂದು ಸಂಘಟನೆಯ ನೂರು ಜನ ಚುನಾವಣೆಗೆ ಮೂರು ತಿಂಗಳು ಮುಂಚಿನಿಂದ ಮನೆಮನೆಗೆ ಹೋದರೆ ಅವರ ಪೆಟ್ರೋಲು, ಊಟ, ಕರಪತ್ರ ಯಾರ ಪುಟಕ್ಕೆ? ಅಭ್ಯರ್ಥಿಯ ಪುಸ್ತಕ ಶುರುವಾಗುವುದೇ ನಾಮಪತ್ರ ಹಾಕಿದ ದಿನ. ಮತ ಜಾಗೃತಿ ಅಂತ ಮಾಡಿದರೆ ಅದು ಪ್ರಚಾರವೇ ಅಲ್ಲ. ಆರೋಗ್ಯ ಶಿಬಿರ ಅಂತ ಮಾಡಿದರೆ ಸಮಾಜಸೇವೆ. ನಮ್ಮ ಅಭ್ಯರ್ಥಿಯ ಕಡೆಯಿಂದಲೂ ಒಂದು ಯುವಕ ಸಂಘ ಇತ್ತು. ಆ ವರ್ಷ ಕ್ರಿಕೆಟ್ ಟೂರ್ನಿ ನಡೆಸಿದರು. ಟೀಶರ್ಟಿನ ಬಣ್ಣ ಮಾತ್ರ ಪಕ್ಷದ ಬಾವುಟದ್ದು. ನನ್ನ ಯಾವ ಬಣ್ಣದ ಪುಟಕ್ಕೂ ಆ ಟೀಶರ್ಟ್ ಬರಲಿಲ್ಲ.

ಇದಕ್ಕೆ ಕಾನೂನು ಇಲ್ಲವಾ ಅಂದ್ರೆ, ಇದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾರಾದರೂ ಅವರ ಗೆಲುವಿಗೆ ಅಂತ ಸಭೆ ಮಾಡಿದರೆ, ಜಾಹೀರಾತು ಕೊಟ್ಟರೆ, ಕರಪತ್ರ ಹಂಚಿದರೆ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಅದು 171ಎಚ್. ಶಿಕ್ಷೆ ಎಷ್ಟು ಹೇಳಿ? 500 ರೂಪಾಯಿವರೆಗೆ ದಂಡ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 176ನೇ ಕಲಂ, ದಂಡ 10,000 ರೂಪಾಯಿವರೆಗೆ ಏರಿದೆ. ಅದರಲ್ಲೇ ಒಂದು ಮುದ್ದಾದ ರಿಯಾಯಿತಿ ಇದೆ. ಒಪ್ಪಿಗೆ ಇಲ್ಲದೆ ಮಾಡಿದ ಖರ್ಚು 10 ರೂಪಾಯಿ ಮೀರದಿದ್ದರೆ, ಹತ್ತು ದಿನದೊಳಗೆ ಅಭ್ಯರ್ಥಿಯಿಂದ ಬರೆಸಿಕೊಂಡರೆ ಸಾಕು. ದಂಡ 10,000ಕ್ಕೆ ಏರಿತು, ಆ 10 ರೂಪಾಯಿ ಮಾತ್ರ ಕೂತಲ್ಲೇ ಕೂತಿದೆ. ಹತ್ತು ರೂಪಾಯಿಗೆ ಇವತ್ತು ಯಾರ ಗೆಲುವಿಗಾಗಿ ಏನು ಖರ್ಚು ಮಾಡಬಹುದು, ನೀವೇ ಹೇಳಿ. ಅರ್ಧ ಟೀ?

ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು ಇರುತ್ತದಲ್ಲ, ಅದು ಸುಮ್ನೆ ಅಲ್ಲ. ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಇರಲೇಬೇಕು, ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಸ ಕಾಲದಲ್ಲಿ ಇದರ ಜಾಗಕ್ಕೆ ಬಂದಿರುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ಮೇಲೆ ಬರುವ ಒಂದು ಸಾಲು, ಯಾರು ದುಡ್ಡು ಕೊಟ್ಟರು ಅಂತ. ಮೆಟಾದವರ ಜಾಹೀರಾತು ಸಂಗ್ರಹ ಇದೆ, ಗೂಗಲ್‌ದೂ ಇದೆ. ಮೊಬೈಲಿನಲ್ಲೇ ನೋಡಬಹುದು. ನಾನು ಆಗಾಗ ರಾತ್ರಿ ಊಟ ಆದ ಮೇಲೆ ನೋಡುತ್ತಾ ಕೂರುತ್ತೇನೆ, ನನ್ನ ಹೆಂಡತಿಗೆ ಇದೊಂದು ಕಾಯಿಲೆ ಅನಿಸಿದೆ. ಪಕ್ಷದ ಅಧಿಕೃತ ಪೇಜು ಬಿಡಿ. ಅದರ ಪಕ್ಕದಲ್ಲಿ ಒಂದು ಪೇಜು ಇರುತ್ತದೆ, ಹೆಸರಲ್ಲಿ ಪಕ್ಷ ಇಲ್ಲ, ಊರು, ಹೆಮ್ಮೆ, ಧ್ವನಿ, ಸತ್ಯ ಇಂಥ ಪದಗಳು. ಫೋಟೋದಲ್ಲಿ ಹೊಲ, ಸೂರ್ಯ. ಒಂದು ವಾರ ಊರಿನ ಜಾತ್ರೆಯ ಚಿತ್ರ, ಮುಂದಿನ ವಾರ ಎದುರು ಪಕ್ಷದ ನಾಯಕನ ವ್ಯಂಗ್ಯಚಿತ್ರ. ದುಡ್ಡು ಕೊಟ್ಟವರು ಅನ್ನುವ ಕಡೆ ಮತ್ತೆ ಅದೇ ಪೇಜಿನ ಹೆಸರು. ಖರ್ಚು ಕೂಡ ಇಷ್ಟರಿಂದ ಇಷ್ಟರೊಳಗೆ ಅಂತ ತೋರಿಸುತ್ತಾರೆ, ಕೆಲವದಕ್ಕೆ 100 ರೂಪಾಯಿಗಿಂತ ಕಡಿಮೆ. ಅಂಥ ನೂರಾರು ಸಣ್ಣ ಜಾಹೀರಾತು. ಹಿಂದೆ ರಾತ್ರೋರಾತ್ರಿ ಗೋಡೆಗೆ ಅಂಟುತ್ತಿದ್ದ ಹೆಸರಿಲ್ಲದ ಪೋಸ್ಟರ್ ಈಗ ನಿಮ್ಮ ಜೇಬಿನಲ್ಲಿದೆ, ಅಷ್ಟೇ. ಎಲ್ಲ ಪಕ್ಷಗಳ ಪರವಾಗಿಯೂ ಇಂಥವು ಇವೆ. ಇದರಲ್ಲಿ ಪಕ್ಷಭೇದ ಇಲ್ಲ.

ದುಡ್ಡು ಬರುವ ಕಡೆಯ ಬಗ್ಗೆ ಜಾಸ್ತಿ ಹೇಳಲ್ಲ, ಅದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್ 2018ರಲ್ಲಿ ಬಂತು, 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಹಿರಂಗವಾದ ಪಟ್ಟಿಯ ಪ್ರಕಾರ, 2019ರ ಏಪ್ರಿಲ್‌ನಿಂದ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲಕ್ಕೆ 1,600 ಕೋಟಿಯಷ್ಟು, ಕಾಂಗ್ರೆಸ್ಸಿಗೆ 1,400 ಕೋಟಿಯಷ್ಟು. ಸಿಪಿಎಂ ತೆಗೆದುಕೊಳ್ಳಲಿಲ್ಲ. ನನ್ನ ತಕರಾರು ಇಷ್ಟೇ. ಬರುವ ದುಡ್ಡಿನ ಮೇಲೆ ನಮಗೆ ಇಷ್ಟು ಸಿಟ್ಟು ಬಂತು, ಹೋಗುವ ದುಡ್ಡಿಗೆ ಮಿತಿಯೇ ಇಲ್ಲ ಅನ್ನುವುದರ ಮೇಲೆ ಯಾರಿಗೂ ಸಿಟ್ಟಿಲ್ಲ.

ಇನ್ನು ನೀತಿ. ನೀತಿಯ ಬಗ್ಗೆಯೇ ಮಾತಾಡಿ ಅಂತ ಕರೆದಿದ್ದೀರಿ, ಪೂರ್ತಿ ಬಿಟ್ಟರೆ ತಪ್ಪಾಗುತ್ತದೆ. 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪ್ರಣಾಳಿಕೆಯ ಭರವಸೆ ಚುನಾವಣಾ ಭ್ರಷ್ಟಾಚಾರ ಅಲ್ಲ, ಆದರೆ ಆಯೋಗ ಒಂದು ಮಾರ್ಗಸೂಚಿ ಮಾಡಲಿ ಅಂತ. ಅದರಂತೆ ನೀತಿ ಸಂಹಿತೆಯಲ್ಲಿ ಒಂದು ಭಾಗ ಸೇರಿತು. ಭರವಸೆಗೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಸ್ಥೂಲವಾಗಿಯಾದರೂ ಹೇಳಬೇಕು ಅಂತ ಅದರಲ್ಲಿದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ನೆನಪಿದೆಯಲ್ಲ. ಕಾಂಗ್ರೆಸ್ ಐದು ಗ್ಯಾರಂಟಿ ಅಂದಿತು. ಬಿಜೆಪಿ ಬಿಪಿಎಲ್ ಮನೆಗಳಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಸಿಲಿಂಡರ್ ಅಂದಿತು. ಜೆಡಿಎಸ್ ಪಂಚರತ್ನ ಅಂದಿತು. ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ಅನ್ನುವುದು ಬಜೆಟ್ಟಿನಲ್ಲಿ ಬಂತು, ಅಂದರೆ ಮತ ಹಾಕಿ ಎರಡು ತಿಂಗಳಾದ ಮೇಲೆ. ಗ್ಯಾರಂಟಿ ಬೇಕಾ ಬೇಡವಾ ಅನ್ನುವುದು ಬೇರೆ ಚರ್ಚೆ. ನಮ್ಮ ಮನೆಯಲ್ಲೂ ಎರಡು ಸಾವಿರ ಬರುತ್ತದೆ, ಬಸ್ಸಿಗೆ ಟಿಕೆಟ್ ಇಲ್ಲ, ನಾನು ಇಲ್ಲ ಅನ್ನಲ್ಲ. ಪ್ರಣಾಳಿಕೆಯಲ್ಲಿ ಯೋಜನೆಯ ಪಕ್ಕದಲ್ಲಿ ಒಂದು ಅಂಕಣ ಎಳೆದು ವರ್ಷದ ಖರ್ಚು ಬರೆಯಿರಿ ಅಂತ ಮಾತ್ರ ಕೇಳುತ್ತಿದ್ದೇನೆ. ಕಿರಾಣಿ ಅಂಗಡಿಯ ಚೀಟಿಯಲ್ಲೂ ಸಾಮಾನಿನ ಪಕ್ಕದಲ್ಲಿ ಬೆಲೆ ಇರುತ್ತದೆ.

ಗೆದ್ದ ಮೇಲೆ ಪ್ರಚಾರದ ಖರ್ಚು ನಿಲ್ಲುವುದಿಲ್ಲ, ಬಿಲ್ಲು ಕಟ್ಟುವವರು ಬದಲಾಗುತ್ತಾರೆ. ಸರ್ಕಾರಿ ಜಾಹೀರಾತು. 2015ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಟ್ಟುನಿಟ್ಟು ಹಾಕಿ, ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಇಷ್ಟು ಜನರ ಫೋಟೋ ಮಾತ್ರ ಅಂದಿತು. ರಾಜ್ಯಗಳು ಗಲಾಟೆ ಮಾಡಿದವು, 2016ರಲ್ಲಿ ಮುಖ್ಯಮಂತ್ರಿ, ರಾಜ್ಯಪಾಲ, ಮಂತ್ರಿಗಳ ಫೋಟೋಗೂ ಅನುಮತಿ ಸಿಕ್ಕಿತು. ದಿಲ್ಲಿಯಲ್ಲಿ 2023ರ ಜನವರಿಯಲ್ಲಿ ಆಮ್ ಆದ್ಮಿ ಪಕ್ಷಕ್ಕೆ 163.62 ಕೋಟಿ ಕಟ್ಟಿ ಅಂತ ನೋಟಿಸ್ ಹೋಯಿತು, ಸರ್ಕಾರಿ ಜಾಹೀರಾತಿನ ಹೆಸರಲ್ಲಿ ಪಕ್ಷದ ಪ್ರಚಾರ ಆಗಿದೆ ಅಂತ. ಇದು ರಾಜಕೀಯ ಸೇಡು ಅಂತ ಪಕ್ಷ ಹೇಳಿತು. ಯಾರು ಸರಿ ಅಂತ ನಾನು ತೀರ್ಪು ಕೊಡಲ್ಲ. ಆದರೆ ಬೆಳಿಗ್ಗೆ ಪೇಪರಿನ ಮೊದಲ ಪುಟದ ಪೂರ್ತಿ ಜಾಹೀರಾತು ನೋಡಿದಾಗ ಕೆಳಗಿನ ಮೂಲೆ ನೋಡಿ. ಇಲಾಖೆಯ ಹೆಸರಿದ್ದರೆ ಅದು ನಮ್ಮದೇ ದುಡ್ಡು.

ಮೈಕ್ ಕೈಕೊಟ್ಟಿದ್ದು ಇಲ್ಲೇ. ಸರಿಯಾದ ಮೇಲೆ ಪ್ರಶ್ನೆಗಳು ಬಂದವು.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ, ಸರ್, ಸುಳ್ಳು ಲೆಕ್ಕ ಕೊಟ್ಟು ಸಿಕ್ಕಿಬಿದ್ದವರು ಯಾರಾದರೂ ಇದ್ದಾರಾ ಅಂತ. ಇದ್ದಾರಪ್ಪ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್. ಕಾಸಿಗಾಗಿ ಸುದ್ದಿ ಹಾಕಿಸಿ ಅದರ ಖರ್ಚು ತೋರಿಸಲಿಲ್ಲ ಅಂತ 2011ರಲ್ಲಿ ಆಯೋಗ ಮೂರು ವರ್ಷ ಅನರ್ಹ ಮಾಡಿತು. ಬಿಟ್ಟುಹೋದ ಮೊತ್ತ 21,250 ರೂಪಾಯಿ. ಇನ್ನೊಂದು ಕಡೆ ಮಹಾರಾಷ್ಟ್ರದ ಗೋಪಿನಾಥ ಮುಂಡೆ 2013ರಲ್ಲಿ ತುಂಬಿದ ಸಭೆಯಲ್ಲಿ, ಹಿಂದಿನ ಚುನಾವಣೆಗೆ ನನಗೆ 8 ಕೋಟಿ ಖರ್ಚಾಯಿತು ಅಂದುಬಿಟ್ಟರು. ಆಗ ಮಿತಿ ಇದ್ದದ್ದು 25 ಲಕ್ಷ. ನೋಟಿಸ್ ಬಂತು, ಉತ್ತರ ಹೋಯಿತು, ಎಚ್ಚರಿಕೆ ಹೇಳಿ ಬಿಟ್ಟರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಬಾಯಲ್ಲಿ ಹೇಳಬಹುದು, ಪೇಪರಲ್ಲಿ ಬರಬಾರದು ಅಂತಾನಾ ಸರ್ ಅಂದ. ಎಲ್ಲರೂ ನಕ್ಕರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಬ್ಬ ಮೇಡಂ ಕೇಳಿದರು, ಪಕ್ಷಕ್ಕೂ ಮಿತಿ ಹಾಕಿದರೆ ಎಲ್ಲ ಕಪ್ಪಿನಲ್ಲೇ ನಡೆಯಲ್ವಾ ಅಂತ. ನಡೆಯಬಹುದು. ಅಭ್ಯರ್ಥಿಗೆ ಮಿತಿ ಹಾಕಿದಾಗಲೂ ನಡೆಯುತ್ತಿದೆಯಲ್ಲ, ಹಾಗಂತ ಅದನ್ನು ತೆಗೆದು ಹಾಕಿ ಅಂತ ಯಾರೂ ಹೇಳುತ್ತಿಲ್ಲ. ಕುರ್ಚಿ ಎಣಿಸುವ ಆ ಅಧಿಕಾರಿಯನ್ನು ನೋಡಿದ ಮೇಲೆ ನನಗೆ ಅನಿಸಿದ್ದು, ಎಣಿಸುವವರು ಇದ್ದಾರೆ ಅಂತ ಗೊತ್ತಾದರೆ ಜನ ಸ್ವಲ್ಪ ಕಡಿಮೆ ಕುರ್ಚಿ ಹಾಕುತ್ತಾರೆ. ಆ ಚುನಾವಣೆಯಲ್ಲಿ ಆಮೇಲಿನ ಸಭೆಗಳಿಗೆ ನಾವೂ ಕಡಿಮೆ ಹಾಕಿಸಿದೆವು. ಬಹಳ ಜನ ನಿಂತೇ ಕೇಳಿದರು.

ಕೊನೆಗೆ ಒಬ್ಬ ಹಿರಿಯರು, ಈ ರಿಜಿಸ್ಟರ್ ನಮಗೂ ನೋಡಲು ಸಿಗುತ್ತದಾ ತಮ್ಮಾ ಅಂದರು. ಸಿಗುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ಲೆಕ್ಕ ಕೊಡಬೇಕು. ಕೊಟ್ಟ ಮೇಲೆ ಯಾರು ಬೇಕಾದರೂ ನೋಡಬಹುದು ಅಂತ 1961ರ ಚುನಾವಣಾ ನಿಯಮಗಳ 88ನೇ ನಿಯಮ ಹೇಳುತ್ತದೆ. ಶುಲ್ಕ ಒಂದು ರೂಪಾಯಿ.

ನಾನು ಹೋಗಿದ್ದೆ. ನಮ್ಮ ಎದುರಾಳಿಯ ಪುಸ್ತಕ ನೋಡುವ ಆಸೆ. ಕಚೇರಿಯ ಹೆಸರು ಬೇಡ. ಗುಮಾಸ್ತರಿಗೆ ಆ ನಿಯಮ ಗೊತ್ತಿರಲಿಲ್ಲ, ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ತೋರಿಸಿದೆ. ಓದಿದರು, ಒಳಗೆ ಹೋಗಿ ಬಂದರು, ನಾಳೆ ಬನ್ನಿ ಅಂದರು. ಮೂರನೇ ನಾಳೆಗೆ ಪುಸ್ತಕ ಬಂತು. ಅದರಲ್ಲಿ ಅವರ ದೊಡ್ಡ ನಾಯಕರ ಸಭೆಯ ದಿನ ಬಿಳಿ ಪುಟ ಹೆಚ್ಚುಕಡಿಮೆ ಖಾಲಿ ಇತ್ತು. ನನ್ನ ಪುಸ್ತಕದಲ್ಲಿ ನಮ್ಮ ನಾಯಕರ ಸಭೆಯ ದಿನ ಇದ್ದ ಹಾಗೇ. ಟೀ, ಹೂವಿನ ಹಾರ, ಎರಡು ಆಟೋ. ಅಲ್ಲೂ ಯಾರೋ ಏಣಿ ಹತ್ತಿರಬೇಕು.

ಒಂದು ರೂಪಾಯಿ ಮೇಜಿನ ಮೇಲೆ ಇಟ್ಟು ರಸೀದಿ ಕೊಡಿ ಅಂದೆ. ಒಂದು ರೂಪಾಯಿಗೆ ರಸೀದಿ ಹರಿಯಲು ಯಾವ ಲೆಕ್ಕಶೀರ್ಷಿಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಡ್ರಾಯರ್ ಎಳೆದು, ಗುಂಡುಸೂಜಿ ಡಬ್ಬಿಯ ಪಕ್ಕ ನಾಣ್ಯ ಇಟ್ಟು, ಮುಚ್ಚಿದರು. ರಸೀದಿ ಇನ್ನೂ ಬಂದಿಲ್ಲ.